ಒಂದೇ ಕಂಪನಿಯ ಸಲಕರಣೆಯೋ, ಹಲವು ಕಂಪನಿಗಳ ಜೋಡಣೆಯೋ?

ಫೆಬ್ರವರಿ ತಿಂಗಳು ಅರ್ಧ ಕಳೆಯಿತೆಂದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ತೋಟಗಳಲ್ಲಿ ಎಲ್ಲರ ಕಣ್ಣೂ ಆಕಾಶದ ಕಡೆಗೆ ತಿರುಗಿರುತ್ತದೆ. ರೊಬಸ್ಟಾ ಗಿಡದ ಗೆಣ್ಣುಗೆಣ್ಣಿನಲ್ಲಿಯೂ ಮೊಗ್ಗು ಕಟ್ಟಿ ನಿಂತಿರುತ್ತದೆ. ಆದರೆ ನೀರು ಬೀಳದೆ ಅದು ಅರಳುವುದಿಲ್ಲ. ಸುಮಾರು ಒಂದು ಅಂಗುಲ ಮಳೆ ಸುರಿದರೆ ವಾರ ಹತ್ತು ದಿನಗಳೊಳಗೆ ತೋಟವೆಲ್ಲ ಬೆಳ್ಳಗಾಗಿ, ಮಲ್ಲಿಗೆಯನ್ನು ಹೋಲುವ ಪರಿಮಳ ಕಣಿವೆಯನ್ನು ತುಂಬುತ್ತದೆ. ಇದಕ್ಕೇ ಮಲೆನಾಡಿನವರು ಹೂಮಳೆ ಎನ್ನುವರು. ಮಳೆ ಅರೆಬರೆಯಾಗಿ ಬಿದ್ದರೆ ಮೊಗ್ಗು ಪೂರ್ತಿ ಬಿಚ್ಚದೆ ಕೆಡುತ್ತದೆ. ಬಾರದೆ ಹೋದರೆ ಒಣಗುತ್ತದೆ. ಹೂವು ಹೋಯಿತೆಂದರೆ ಆ ವರ್ಷದ ಫಸಲು ಹೋಯಿತೆಂದೇ ಅರ್ಥ.

ಆದಕಾರಣ ನೀರಿನ ಅನುಕೂಲವುಳ್ಳ ಬೆಳೆಗಾರರು ಮೋಡವನ್ನು ನೆಚ್ಚಿ ಕೂರದೆ, ತೋಟದ ತಗ್ಗಿನಲ್ಲಿರುವ ಕೆರೆಯಿಂದ ಪಂಪಿನ ಮೂಲಕ ನೀರನ್ನೆತ್ತಿ, ಸ್ಪ್ರಿಂಕ್ಲರುಗಳಿಂದ ತಾವೇ ಮಳೆಗರೆಯುತ್ತಾರೆ. ಹದಿನೈದು ಇಪ್ಪತ್ತು ದಿನಗಳ ತರುವಾಯ ಕಾಯಿ ನಿಲ್ಲುವುದಕ್ಕಾಗಿ ಇನ್ನೊಮ್ಮೆ ನೀರು ಕೊಡುವುದೂ ಉಂಟು. ಇಷ್ಟಕ್ಕೆ ಬೇಕಾದ ಸಲಕರಣೆಗಳ ಪಟ್ಟಿ ಸಣ್ಣದಲ್ಲ. ಇಂಜಿನ್ನು, ಪಂಪು, ಫುಟ್ ವಾಲ್ವು, ಪೈಪುಗಳು, ಕಪ್ಲಿಂಗುಗಳು, ಸ್ಪ್ರಿಂಕ್ಲರಿನ ತಲೆಗಳು ಮತ್ತು ಅವುಗಳ ನಾಜಲುಗಳು ಎಲ್ಲವೂ ಬೇಕು. ಇವನ್ನು ಕೊಳ್ಳಲು ಹೊರಟವರನ್ನು ಒಂದು ಪ್ರಶ್ನೆ ತಪ್ಪದೆ ಎದುರುಗೊಳ್ಳುತ್ತದೆ. ಎಲ್ಲವನ್ನೂ ಒಂದೇ ಕಂಪನಿಯಿಂದ ಕೊಳ್ಳುವುದು ಲೇಸೋ, ಅಥವಾ ಪಂಪು ಒಬ್ಬರದು, ಪೈಪು ಇನ್ನೊಬ್ಬರದು, ಸ್ಪ್ರಿಂಕ್ಲರು ಮತ್ತೊಬ್ಬರದು ಎಂದು ಆರಿಸಿ ಜೋಡಿಸುವುದು ಲೇಸೋ?

ಅಂಗಡಿಯವರು ಒಂದು ಉತ್ತರ ಹೇಳುತ್ತಾರೆ, ಮೇಸ್ತ್ರಿ ಇನ್ನೊಂದು ಹೇಳುತ್ತಾನೆ. ಭೌತಶಾಸ್ತ್ರಕ್ಕೂ ಈ ವಿಷಯದಲ್ಲಿ ಹೇಳುವುದಕ್ಕೆ ಸಾಕಷ್ಟಿದೆ. ಅದು ಕಂಪನಿಯ ಹೆಸರನ್ನು ಬದಿಗಿರಿಸಿ, ಎರಡು ವಸ್ತುಗಳು ಕೂಡುವ ಎಡೆಯಲ್ಲಿ ಏನು ನಡೆಯುತ್ತದೆಂದು ಕೇಳುತ್ತದೆ.

ಒಂದು ಅಂಗುಲ ಮಳೆಯ ತೂಕ

ಮೊದಲು ಕೆಲಸದ ಗಾತ್ರವನ್ನು ಅಳೆಯೋಣ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅದರ ಮೇಲೆ ಒಂದು ಅಂಗುಲ, ಅಂದರೆ 2.54 ಸೆಂಟಿಮೀಟರ್, ನೀರು ನಿಂತಿತೆಂದು ಭಾವಿಸಿದರೆ ಆ ನೀರಿನ ಪ್ರಮಾಣ ಸುಮಾರು 1,03,000 ಲೀಟರ್. ತೂಕ 103 ಟನ್. ಮೋಡ ಇದನ್ನು ಬಿಟ್ಟಿಯಾಗಿ ತಂದು ಸುರಿಯುತ್ತದೆ. ನಾವು ಅದನ್ನು ಗುಡ್ಡದ ಮೇಲಕ್ಕೆ ಎತ್ತಬೇಕು.

ಕೆರೆಗಿಂತ 30 ಮೀಟರ್ ಎತ್ತರದಲ್ಲಿರುವ ಇಳಿಜಾರಿಗೆ ನೀರು ಕೊಡಬೇಕೆಂದಿಟ್ಟುಕೊಳ್ಳಿ. ಸ್ಪ್ರಿಂಕ್ಲರಿನ ಬಾಯಲ್ಲಿ ನೀರು ರಭಸದಿಂದ ಚಿಮ್ಮಬೇಕಾದರೆ ಅಲ್ಲಿ ಇನ್ನೂ 35 ಮೀಟರ್ ನೀರಿನ ಕಂಬಕ್ಕೆ ಸಮನಾದ ಒತ್ತಡವಿರಬೇಕು. ಪೈಪಿನ ಉದ್ದಕ್ಕೂ ಘರ್ಷಣೆಯಿಂದ 10 ಮೀಟರ್ ನಷ್ಟವಾಗುವುದೆಂದು ಹಿಡಿಯೋಣ. ಒಟ್ಟು 75 ಮೀಟರ್. ಸೆಕೆಂಡಿಗೆ 8 ಲೀಟರ್ ನೀರನ್ನು ಈ ಎತ್ತರಕ್ಕೆ ಒತ್ತಲು ಬೇಕಾದ ಸಾಮರ್ಥ್ಯ ಸುಮಾರು 6 ಕಿಲೋವಾಟ್. ಪಂಪಿನ ದಕ್ಷತೆ ನೂರಕ್ಕೆ 60 ಆದರೆ ಇಂಜಿನ್ನು 10 ಕಿಲೋವಾಟ್, ಅಂದರೆ ಸುಮಾರು 13 ಅಶ್ವಶಕ್ತಿಯನ್ನು ಒದಗಿಸಬೇಕು. ಇಷ್ಟಾದರೂ ಒಂದು ಎಕರೆ ನೆನೆಯಲು ಮೂರೂವರೆ ಗಂಟೆಗಿಂತ ಹೆಚ್ಚು ಹಿಡಿಯುತ್ತದೆ. ದಿನಕ್ಕೆ ಹತ್ತು ಗಂಟೆ ನಡೆಸಿದರೆ 20 ಎಕರೆಗೆ ಒಂದು ವಾರ ಬೇಕು.

ಆ ಒಂದು ವಾರದಲ್ಲಿ ಒಂದು ಕಪ್ಲಿಂಗು ಕೂಡದೆ ಹೋದರೆ, ಒಂದು ರಬ್ಬರು ಬಳೆ ಸಿಗದೆ ಹೋದರೆ, ಕೆಲಸವೆಲ್ಲ ನಿಲ್ಲುತ್ತದೆ. ಕಳಸದ ಆಚೆಯ ತೋಟದಿಂದ ಘಟ್ಟದ ದಾರಿಯಲ್ಲಿ ಚಿಕ್ಕಮಗಳೂರಿಗೆ ಹೋಗಿ ಬಿಡಿಭಾಗ ತರುವುದೆಂದರೆ ಒಂದು ದಿನದ ಮಾತು. ಆದ್ದರಿಂದ ನಮ್ಮ ಪ್ರಶ್ನೆ ಬರಿಯ ಅಭಿರುಚಿಯ ಪ್ರಶ್ನೆಯಲ್ಲ.

ತಿರುಪುಗಳ ಜಗಳ

ಎರಡು ಭಾಗಗಳನ್ನು ಕೂಡಿಸುವ ಸಾಧನಗಳಲ್ಲಿ ಅತ್ಯಂತ ಸಾಮಾನ್ಯವಾದುದು ತಿರುಪು. ತಿರುಪೆಂದರೆ ಕಂಬಕ್ಕೆ ಸುತ್ತಿದ ಇಳಿಜಾರು ಎಂಬುದನ್ನು ಪ್ರೌಢಶಾಲೆಯ ಪಾಠದಲ್ಲಿ ನೀವು ಓದಿರುವಿರಿ. ಆ ಇಳಿಜಾರಿನ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಎಷ್ಟು ಅಂತರ, ಸುತ್ತಿನ ಏಣಿನ ಕೋನ ಎಷ್ಟು ಎಂಬುದನ್ನು ಮಾಡುವವನೇ ಗೊತ್ತುಮಾಡಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ರತಿಯೊಂದು ಕಾರ್ಖಾನೆಯೂ ತನಗೆ ತೋಚಿದಂತೆ ಗೊತ್ತುಮಾಡುತ್ತಿತ್ತು. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರತಜ್ಞ ಹಲವು ಕಾರ್ಖಾನೆಗಳ ತಿರುಪುಗಳನ್ನು ಕಲೆಹಾಕಿ ಅಳೆದು, 55 ಡಿಗ್ರಿ ಕೋನದ ಒಂದು ಪದ್ಧತಿಯನ್ನು ಸೂಚಿಸಿದನು. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯ ಬೇರೊಂದು ಪದ್ಧತಿಯನ್ನು ಮುಂದಿಟ್ಟನು. ಯೂರೋಪಿನ ಇತರ ದೇಶಗಳು ಮಿಲಿಮೀಟರಿನ ದಾರಿ ಹಿಡಿದವು. ಎರಡನೆಯ ಮಹಾಯುದ್ಧದಲ್ಲಿ ಒಂದೇ ಪಕ್ಷದಲ್ಲಿ ಕಾದಾಡುತ್ತಿದ್ದ ಬ್ರಿಟನ್ ಮತ್ತು ಅಮೆರಿಕಗಳ ಬೋಲ್ಟು ನಟ್ಟುಗಳು ಒಂದಕ್ಕೊಂದು ಕೂಡದೆ ಬಹಳ ಕಷ್ಟವಾಯಿತು. ಈ ಅನುಭವದಿಂದ 1948ರಲ್ಲಿ ಆ ಎರಡು ದೇಶಗಳೂ ಕೆನಡವೂ ಸೇರಿ ಒಂದು ಏಕರೂಪದ ಪದ್ಧತಿಯನ್ನು ಒಪ್ಪಿಕೊಂಡವು.

ಇದರಲ್ಲಿ ಸ್ವಾರಸ್ಯವಾದ ಅಂಶವೊಂದಿದೆ. ಅರ್ಧ ಅಂಗುಲದ ವಿಟ್‌ವರ್ತ್ ಬೋಲ್ಟಿನಲ್ಲಿ ಅಂಗುಲಕ್ಕೆ 12 ಸುತ್ತುಗಳು. ಅದೇ ಗಾತ್ರದ ಅಮೆರಿಕದ ಸಾಮಾನ್ಯ ಬೋಲ್ಟಿನಲ್ಲಿ 13. ಅಂದರೆ ಒಂದರ ಸುತ್ತಿನ ಅಂತರ 2.12 ಮಿಲಿಮೀಟರ್, ಇನ್ನೊಂದರದು 1.95. ಒಂದು ಸುತ್ತಿನಲ್ಲಿ ಕಾಣುವ ವ್ಯತ್ಯಾಸ 0.17 ಮಿಲಿಮೀಟರಿಗೂ ಕಡಮೆ. ಅದು ಕಣ್ಣಿಗೆ ಬೀಳುವುದೇ ಕಷ್ಟ. ನಟ್ಟು ಮೊದಲ ಸುತ್ತಿನಲ್ಲಿ ಒಳಗೆ ಹೋದಂತೆಯೇ ತೋರುತ್ತದೆ. ಆದರೆ ಆರು ಸುತ್ತುಗಳಾಗುವಷ್ಟರಲ್ಲಿ ವ್ಯತ್ಯಾಸ ಕೂಡಿ ಕೂಡಿ ಸುಮಾರು ಒಂದು ಮಿಲಿಮೀಟರಾಗುತ್ತದೆ. ಒಂದು ಸುತ್ತಿನ ಏಣು ಇನ್ನೊಂದರ ಏಣಿನ ಮೇಲೆಯೇ ಬಂದು ಕೂರುತ್ತದೆ. ಅಲ್ಲಿಗೆ ನಟ್ಟು ಕಚ್ಚಿಕೊಳ್ಳುತ್ತದೆ. ಇನ್ನೂ ಬಲ ಹಾಕಿದರೆ ಏಣುಗಳು ಮುರಿದು ಎರಡೂ ಹಾಳಾಗುತ್ತವೆ. ಪೂರ್ತಿ ಕೂಡದ ವಸ್ತು ಅಷ್ಟು ಅಪಾಯಕಾರಿಯಲ್ಲ, ಏಕೆಂದರೆ ಅದನ್ನು ನಾವು ಒಡನೆಯೇ ಬದಿಗಿಡುತ್ತೇವೆ. ಕೂಡಿದಂತೆ ತೋರಿ ಕೂಡದಿರುವುದೇ ಹೆಚ್ಚು ಕೆಡುಕು ಮಾಡುತ್ತದೆ.

ಪೈಪಿನ ತಿರುಪುಗಳಲ್ಲಿಯೂ ಹೀಗೆಯೇ. ಬ್ರಿಟಿಷ್ ಪದ್ಧತಿಯ ಅರ್ಧ ಅಂಗುಲದ ಪೈಪಿಗೂ ಅಮೆರಿಕದ ಪದ್ಧತಿಯ ಅರ್ಧ ಅಂಗುಲದ ಪೈಪಿಗೂ ಅಂಗುಲಕ್ಕೆ 14 ಸುತ್ತುಗಳೇ ಇರುತ್ತವೆ. ಆದರೆ ಕೋನ ಮಾತ್ರ ಒಂದರಲ್ಲಿ 55 ಡಿಗ್ರಿ, ಇನ್ನೊಂದರಲ್ಲಿ 60. ಎರಡನ್ನೂ ಕೂಡಿಸಬಹುದು, ಸುತ್ತುಗಳ ನಡುವೆ ಸಣ್ಣ ಸಂದು ಉಳಿದು ಅಲ್ಲಿ ನೀರು ಜಿನುಗುತ್ತದೆ. ಒಂದು ಅಂಗುಲದ ಪೈಪಿಗೆ ಬಂದರೆ ಸುತ್ತುಗಳ ಸಂಖ್ಯೆಯೂ ಬೇರೆಯಾಗುತ್ತದೆ: ಬ್ರಿಟಿಷ್ ಪದ್ಧತಿಯಲ್ಲಿ 11, ಅಮೆರಿಕದ್ದರಲ್ಲಿ ಹನ್ನೊಂದೂವರೆ.

ಜಿನುಗುವುದು ಪಂಪಿನ ಆಚೆಯ, ಒತ್ತಡದ ಪೈಪಿನಲ್ಲಾದರೆ ನಾಲ್ಕು ತಂಬಿಗೆ ನೀರು ನಷ್ಟವಾದೀತು, ಅಷ್ಟೆ. ಈಚೆಯ ಹೀರುವ ಪೈಪಿನಲ್ಲಾದರೆ ಕಥೆ ಬೇರೆ. ಪಂಪು ನೀರನ್ನು ಎಳೆದುಕೊಳ್ಳುವುದಿಲ್ಲ. ಅದು ಪೈಪಿನೊಳಗೆ ಒತ್ತಡವನ್ನು ಕಡಮೆ ಮಾಡುತ್ತದೆ, ಕೆರೆಯ ಮೇಲಣ ವಾಯುಮಂಡಲ ನೀರನ್ನು ಒಳಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 10.3 ಮೀಟರ್ ನೀರಿನ ಕಂಬವನ್ನು ಹೊರಬಲ್ಲುದು. ಸಾವಿರ ಮೀಟರಿಗೂ ಮೇಲಿರುವ ಚಿಕ್ಕಮಗಳೂರಿನಲ್ಲಿ ಅದು ಸುಮಾರು 9 ಮೀಟರಿಗೆ ಇಳಿಯುತ್ತದೆ. ಮೊದಲೇ ಕಡಮೆಯಾದ ಈ ಆಸ್ತಿಯಲ್ಲಿ ಸೂಜಿಮೊನೆಯಷ್ಟು ಸಂದಿನಿಂದ ಗಾಳಿ ನುಗ್ಗಿದರೂ ಪಂಪು ನೀರು ಬಿಟ್ಟುಬಿಡುತ್ತದೆ. ಇಂಜಿನ್ನು ಚೆನ್ನಾಗಿಯೇ ಓಡುತ್ತಿರುತ್ತದೆ, ಪಂಪಿನಲ್ಲಿ ದೋಷವಿಲ್ಲ, ಪೈಪಿನಲ್ಲಿಯೂ ದೋಷವಿಲ್ಲ; ದೋಷವೆಲ್ಲ ಇವೆರಡೂ ಕೂಡಿದ ಎಡೆಯಲ್ಲಿದೆ.

ಬಾಲ್ಟಿಮೋರಿನ ಬೆಂಕಿ

ಈ ಮಾತಿಗೆ ಚರಿತ್ರೆಯಲ್ಲಿ ಒಂದು ದೊಡ್ಡ ನಿದರ್ಶನವಿದೆ. 1904ರ ಫೆಬ್ರವರಿ 7ರಂದು ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಬೆಂಕಿ ಹೊತ್ತಿತು. ತಂತಿ ಹೋದೊಡನೆ ವಾಷಿಂಗ್‌ಟನ್, ಫಿಲಡೆಲ್ಫಿಯ, ನ್ಯೂಯಾರ್ಕ್ ಮೊದಲಾದ ಊರುಗಳಿಂದ ಅಗ್ನಿಶಾಮಕ ಯಂತ್ರಗಳು ಧಾವಿಸಿ ಬಂದವು. ಯಂತ್ರಗಳಿದ್ದವು, ಆಳುಗಳಿದ್ದರು, ಬೀದಿಯ ನಲ್ಲಿಗಳಲ್ಲಿ ನೀರೂ ಇತ್ತು. ಆದರೆ ಪರವೂರಿನಿಂದ ಬಂದ ಎಷ್ಟೋ ಕೊಳವೆಗಳ ತಿರುಪು ಬಾಲ್ಟಿಮೋರಿನ ನಲ್ಲಿಗಳಿಗೆ ಹೊಂದಲಿಲ್ಲ. ಸುಮಾರು 30 ಗಂಟೆಗಳ ಕಾಲ ಉರಿದ ಬೆಂಕಿಯಲ್ಲಿ 1,500ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಇದಾದ ಮೇಲೆಯೇ ಆ ದೇಶದಲ್ಲಿ ಬೆಂಕಿ ಕೊಳವೆಗಳ ತಿರುಪಿಗೆ ಒಂದು ರಾಷ್ಟ್ರೀಯ ಮಾನವನ್ನು ಗೊತ್ತುಮಾಡಿದರು.

ಗಮನಿಸಬೇಕಾದುದೇನೆಂದರೆ, ಪ್ರತಿಯೊಂದು ಊರಿನ ಸಲಕರಣೆಯೂ ಅದರ ಮಟ್ಟಿಗೆ ಸರಿಯಾಗಿಯೇ ಇತ್ತು. ಮಾನವೊಂದು ಗೊತ್ತಾದ ಬಳಿಕ ಆ ಊರುಗಳು ಯಾವ ತಯಾರಕರಿಂದ ಬೇಕಾದರೂ ಕೊಳವೆಗಳನ್ನು ಕೊಳ್ಳಬಹುದಾಯಿತು. ಮಾನವಿದ್ದಲ್ಲಿ ಬೆರಕೆಗೆ ಭಯವಿಲ್ಲ.

ನಮ್ಮ ದೇಶದಲ್ಲಿ ಈ ಕೆಲಸಕ್ಕಾಗಿ 1947ರಲ್ಲಿ ಭಾರತೀಯ ಮಾನಕ ಸಂಸ್ಥೆ ಸ್ಥಾಪಿತವಾಯಿತು. 1987ರಲ್ಲಿ ಅದರ ಹೊಣೆಯನ್ನು ಭಾರತೀಯ ಮಾನಕ ಬ್ಯೂರೋ ವಹಿಸಿಕೊಂಡಿತು. 1956ರ ತೂಕ ಮತ್ತು ಅಳತೆಗಳ ಕಾನೂನು ಮೀಟರು, ಕಿಲೋಗ್ರಾಮುಗಳನ್ನು ತಂದಿತು. ಆದರೆ ಕಬ್ಬಿಣ ಕಾನೂನಿಗಿಂತ ದೀರ್ಘಾಯು. ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿದ್ದ ಮೆಕಿನನ್ ಕಂಪನಿಯಂಥ ಬ್ರಿಟಿಷ್ ತಯಾರಕರ ಹಳೆಯ ಪಲ್ಪರೊಂದು ತೋಟದಲ್ಲಿದ್ದರೆ ಅದರಲ್ಲಿ ಅಂಗುಲದ ತಿರುಪುಗಳಿರುವುದು ಸಹಜ. ಪಕ್ಕದಲ್ಲಿ ಹೊಸದಾಗಿ ತಂದಿಟ್ಟ ಯಂತ್ರದಲ್ಲಿ ಮಿಲಿಮೀಟರಿನವು. ಹೀಗಾಗಿ ಒಂದೇ ಶೆಡ್ಡಿನಲ್ಲಿ ಎರಡು ಶತಮಾನಗಳ ಸ್ಪ್ಯಾನರುಗಳು ಬೇಕಾಗುತ್ತವೆ.

ಎಲ್ಲರ ಭಾಷೆ, ಮನೆಯ ಭಾಷೆ

ಯಂತ್ರದ ಭಾಗಗಳಲ್ಲಿ ಕೆಲವು ಲೋಕಕ್ಕೆಲ್ಲ ತಿಳಿಯುವ ಭಾಷೆಯನ್ನಾಡುತ್ತವೆ. ಕೆಲವು ತಮ್ಮ ಮನೆಯವರಿಗೆ ಮಾತ್ರ ತಿಳಿಯುವ ಭಾಷೆಯನ್ನಾಡುತ್ತವೆ.

ಮೊದಲನೆಯದಕ್ಕೆ ಬೇರಿಂಗು ಒಳ್ಳೆಯ ಉದಾಹರಣೆ. ಹಳೆಯ ಮೋಟಾರಿನಿಂದ ತೆಗೆದ ಬೇರಿಂಗೊಂದರ ಮೇಲೆ 6205 ಎಂಬ ಅಂಕಿ ಇರಬಹುದು. ಕೊನೆಯ ಎರಡು ಅಂಕಿಗಳಾದ 05ನ್ನು ಐದರಿಂದ ಗುಣಿಸಿ; 25 ಬರುತ್ತದೆ. ಒಳಗಿನ ತೂತು 25 ಮಿಲಿಮೀಟರೆಂದು ಅದರ ಅರ್ಥ. ಹೊರಗಿನ ವ್ಯಾಸ 52, ದಪ್ಪ 15. ಸ್ವೀಡನ್ನಿನಲ್ಲಿ ಮಾಡಿದರೂ ಜಪಾನಿನಲ್ಲಿ ಮಾಡಿದರೂ ಭಾರತದಲ್ಲಿಯೇ ಮಾಡಿದರೂ 6205 ಎಂದರೆ ಇಷ್ಟೇ. ಗುಣದಲ್ಲಿ ಹೆಚ್ಚು ಕಡಮೆ ಇರಬಹುದು, ಕೂರುವುದರಲ್ಲಿ ಇಲ್ಲ. ವಿ ಆಕಾರದ ಬೆಲ್ಟುಗಳೂ ಹಾಗೆಯೇ. ಎ, ಬಿ, ಸಿ ಎಂಬ ಅಡ್ಡಕೊಯ್ತದ ಅಳತೆಗಳು ಎಲ್ಲರಿಗೂ ಸಾಮಾನ್ಯವಾದವು. ಇಂಥ ಭಾಗಗಳನ್ನು ಯಾರಿಂದ ಕೊಂಡರೇನು? ಗುಣವನ್ನೂ ಬೆಲೆಯನ್ನೂ ನೋಡಿ ಆರಿಸಿದರಾಯಿತು.

ಎರಡನೆಯದಕ್ಕೆ ಬ್ಯಾಟರಿಯನ್ನು ನೋಡಿ. ಈಚೆಗೆ ಕಸಿ ಮಾಡುವ, ಕಳೆ ಕೊಚ್ಚುವ ಸಣ್ಣ ಯಂತ್ರಗಳು ಲಿಥಿಯಂ ಬ್ಯಾಟರಿಯಿಂದಲೂ ನಡೆಯುತ್ತಿವೆ. ಒಬ್ಬ ತಯಾರಕರು 18 ವೋಲ್ಟ್ ಎಂದು ಬರೆಯುತ್ತಾರೆ, ಇನ್ನೊಬ್ಬರು 20 ಎನ್ನುತ್ತಾರೆ. ಒಳಗೆ ನೋಡಿದರೆ ಎರಡರಲ್ಲಿಯೂ ಸಾಮಾನ್ಯವಾಗಿ ಐದೈದು ಕೋಶಗಳ ಸಾಲುಗಳೇ. ಕೋಶವೊಂದರ ಸರಾಸರಿ 3.6 ವೋಲ್ಟನ್ನು ಐದರಿಂದ ಗುಣಿಸಿದರೆ 18. ಆಗತಾನೇ ತುಂಬಿಸಿದಾಗ ಕೋಶದಲ್ಲಿ ನಾಲ್ಕು ವೋಲ್ಟಿಗೂ ಮೇಲಿರುವುದರಿಂದ 20ನ್ನು ದಾಟುತ್ತದೆ. ಭೌತಶಾಸ್ತ್ರದ ದೃಷ್ಟಿಯಿಂದ ಎರಡೂ ಒಂದೇ. ಆದರೂ ಒಂದರ ಬ್ಯಾಟರಿ ಇನ್ನೊಂದರ ಯಂತ್ರದಲ್ಲಿ ಕೂರುವುದಿಲ್ಲ. ಕಚ್ಚು ಬೇರೆ, ತಗುಲುಗಳ ಜಾಗ ಬೇರೆ, ಉಷ್ಣವನ್ನೂ ಒಳಬರುವ ಹರಿವನ್ನೂ ಕಾಯುವ ಏರ್ಪಾಡು ಬೇರೆ. ಬಲವಂತವಾಗಿ ಕೂಡಿಸುವುದು ಅಪಾಯ. ಇಂಥಲ್ಲಿ ಒಂದೇ ಮನೆತನಕ್ಕೆ ಅಂಟಿಕೊಳ್ಳುವುದೇ ವಿವೇಕ. ಹಾಗೆ ಮಾಡಿದರೆ ಎರಡು ಬ್ಯಾಟರಿಗಳೂ ಒಂದು ಚಾರ್ಜರೂ ನಾಲ್ಕು ಯಂತ್ರಗಳಿಗೆ ಸಾಕಾಗುತ್ತವೆ.

ಸ್ಪ್ರಿಂಕ್ಲರ್ ಪೈಪುಗಳನ್ನು ಬೇಗ ಕೂಡಿಸಿ ಬಿಚ್ಚುವುದಕ್ಕಾಗಿ ಇರುವ ಕೊಕ್ಕೆಯ ಕಪ್ಲಿಂಗುಗಳು ಇವೆರಡರ ನಡುವೆ ನಿಲ್ಲುತ್ತವೆ. ಪೈಪಿನ ವ್ಯಾಸ ಒಂದೇ ಆಗಿದ್ದರೂ ಒಬ್ಬರ ಕೊಕ್ಕೆ ಇನ್ನೊಬ್ಬರ ಕಿವಿಗೆ ಸಿಗದಿರಬಹುದು. ರಬ್ಬರು ಬಳೆಯ ತುಟಿಯ ಆಕಾರ ಬೇರೆಯಾಗಿರಬಹುದು. ಅಂಗಡಿಯಲ್ಲಿಯೇ ಎರಡು ತುಂಡುಗಳನ್ನು ಕೂಡಿಸಿ ನೋಡದೆ ಕೊಳ್ಳಬಾರದು.

ಜೊತೆಗೂಡಿದ ಪಂಪುಗಳು

ತಿರುಪು ಕೂಡಿದರೆ ಎಲ್ಲವೂ ಕೂಡಿತೆಂದು ತಿಳಿಯಬಾರದು. ಕಣ್ಣಿಗೆ ಕಾಣದ ಸಂಧಿಗಳೂ ಇವೆ.

ಇದ್ದ ಒಂದು ಪಂಪು ಸಾಲದೆಂದು ಪಕ್ಕದಲ್ಲಿಯೇ ಇನ್ನೊಂದನ್ನು ನಿಲ್ಲಿಸಿ, ಎರಡರ ನೀರನ್ನೂ ಒಂದೇ ಪೈಪಿಗೆ ಸೇರಿಸಿದರೆನ್ನಿ. ಪ್ರತಿಯೊಂದು ಪಂಪಿಗೂ ಒಂದು ಮಿತಿಯಿದೆ. ಎತ್ತರ ಹೆಚ್ಚಿದಂತೆ ಅದು ಕೊಡುವ ನೀರು ಕಡಮೆಯಾಗುತ್ತ ಹೋಗಿ, ಒಂದು ಎತ್ತರದಲ್ಲಿ ಶೂನ್ಯವಾಗುತ್ತದೆ. ಮೊದಲ ಪಂಪಿನ ಮಿತಿ 95 ಮೀಟರ್, ಎರಡನೆಯದರದು 70 ಮೀಟರ್ ಎಂದಿರಲಿ. ನಮ್ಮ ಪೈಪು ಬೇಡುತ್ತಿರುವುದು 75. ಆಗ ಎರಡನೆಯ ಪಂಪು ಎಷ್ಟು ತಿರುಗಿದರೂ ಒಂದು ತೊಟ್ಟನ್ನೂ ಮುಂದಕ್ಕೆ ಕಳಿಸಲಾರದು. ಹಿಂದಿರುಗದಂತೆ ತಡೆಯುವ ವಾಲ್ವಿಲ್ಲದಿದ್ದರೆ ಮೊದಲನೆಯದು ಒತ್ತಿದ ನೀರೇ ಎರಡನೆಯದರ ಮೂಲಕ ಕೆರೆಗೆ ಹಿಂದಿರುಗುತ್ತದೆ. ವಾಲ್ವಿದ್ದರೆ ಎರಡನೆಯ ಪಂಪು ತನ್ನೊಳಗಿನ ನೀರನ್ನೇ ಕಡೆಯುತ್ತ ಕೂರುತ್ತದೆ. ಒಳಗೆ 5 ಲೀಟರ್ ನೀರಿದ್ದು, 2 ಕಿಲೋವಾಟ್ ಶಕ್ತಿ ಅದಕ್ಕೆ ಸೇರುತ್ತಿದ್ದರೆ, ಕಬ್ಬಿಣದ ಒಡಲು ಹೀರುವ ಉಷ್ಣವನ್ನು ಬಿಟ್ಟು ಲೆಕ್ಕ ಹಾಕಿದಾಗ, ನಿಮಿಷಕ್ಕೆ ಸುಮಾರು 5.7 ಡಿಗ್ರಿಯಂತೆ ನೀರು ಕಾಯುತ್ತದೆ. ಕಾಲು ಗಂಟೆಯೊಳಗೆ ಅದು ಕುದಿಯುವ ಮಟ್ಟಕ್ಕೆ ಬರಬೇಕು. ಇದಕ್ಕೆ ಮೊದಲು ಕೆಡುವುದು ರಬ್ಬರಿನ ಸೀಲು.

ಈ ಎರಡು ಪಂಪುಗಳೂ ಒಂದೇ ಕಂಪನಿಯವಾಗಿದ್ದರೂ ಫಲ ಇದೇ. ಬೇರೆ ಬೇರೆ ಕಂಪನಿಯವಾಗಿದ್ದು ಅವುಗಳ ಎತ್ತರ ಮತ್ತು ನೀರಿನ ಸಂಬಂಧ ಹೆಚ್ಚುಕಡಮೆ ಒಂದೇ ಆಗಿದ್ದರೆ ತೊಂದರೆಯೇ ಇಲ್ಲ. ಪಂಪನ್ನು ಕೆರೆಯ ಬಳಿ ಒಂದು, ಇಳಿಜಾರಿನ ನಡುವೆ ಒಂದು ಎಂದು ಸಾಲಾಗಿ ನಿಲ್ಲಿಸಿದರೆ ಲೆಕ್ಕ ಬದಲಾಗುತ್ತದೆ. ಆಗ ಎತ್ತರಗಳು ಕೂಡುತ್ತವೆ. ಎರಡೂ ಸೆಕೆಂಡಿಗೆ 8 ಲೀಟರನ್ನು ಸಾಗಿಸಬಲ್ಲವಾದರೆ ಸಾಕು. ಕೊಳ್ಳುವವನು ಓದಬೇಕಾದದ್ದು ತಯಾರಕರು ಕೊಡುವ ಆ ರೇಖಾಚಿತ್ರವನ್ನು.

ನಾಜಲಿನ ವಿಷಯವೂ ಇಂಥದೇ. 35 ಮೀಟರ್ ಒತ್ತಡದಲ್ಲಿ ನೀರು ಸೆಕೆಂಡಿಗೆ ಸುಮಾರು 26 ಮೀಟರ್ ವೇಗದಿಂದ ಚಿಮ್ಮುತ್ತದೆ. 10 ಮಿಲಿಮೀಟರಿನ ನಾಜಲು ಸೆಕೆಂಡಿಗೆ ಸುಮಾರು 2 ಲೀಟರ್ ಬಿಟ್ಟರೆ 12 ಮಿಲಿಮೀಟರಿನದು ಸುಮಾರು 3 ಲೀಟರ್ ಬಿಡುತ್ತದೆ. ವ್ಯಾಸದಲ್ಲಿ ಐದರಲ್ಲಿ ಒಂದು ಪಾಲು ಹೆಚ್ಚಾದರೆ ನೀರು ನೂರಕ್ಕೆ 44ರಷ್ಟು ಹೆಚ್ಚುತ್ತದೆ, ಏಕೆಂದರೆ ಅದು ವ್ಯಾಸದ ವರ್ಗಕ್ಕೆ ಅನುಗುಣವಾದುದು. ಇವೆರಡನ್ನೂ ಒಂದೇ ಸಾಲಿನಲ್ಲಿಟ್ಟು, ದೊಡ್ಡದರ ಸುತ್ತ ಒಂದು ಅಂಗುಲವಾದಾಗ ನಿಲ್ಲಿಸಿದರೆ, ಚಿಕ್ಕದು ಅಷ್ಟೇ ವಿಸ್ತಾರಕ್ಕೆ ಚಿಮ್ಮುತ್ತಿದ್ದ ಪಕ್ಷದಲ್ಲಿ, ಅದರ ಸುತ್ತ ಬಿದ್ದಿರುವುದು ಮುಕ್ಕಾಲು ಅಂಗುಲಕ್ಕೂ ಕಡಮೆ. ಅಲ್ಲಿನ ಮೊಗ್ಗಿಗೆ ಅದು ಅರೆಬರೆ ಮಳೆಯೇ ಸರಿ. ಎಲ್ಲವೂ ಒಂದೇ ಕೆಲಸವನ್ನು ಒಂದೇ ಸಮನಾಗಿ ಮಾಡಬೇಕಾದಲ್ಲಿ ಬೆರಕೆ ಸಲ್ಲದು.

ಹಿಮದ ನಾಡಿನ ನಿದರ್ಶನ

ಬೇರೆ ಬೇರೆ ಕೆಲಸಗಳಿಗೆ ಬೇರೆ ಬೇರೆ ಸಲಕರಣೆ ಬೇಕಾದಾಗ ಏನು ಮಾಡಬೇಕು? ಇದಕ್ಕೆ ಹಿಮದ ನಾಡಿನವರ ಸ್ಕೀ ಹಲಗೆಗಳು ತಕ್ಕ ನಿದರ್ಶನ. ನಮ್ಮ ದೇಶದಲ್ಲಿ ಕಾಶ್ಮೀರದ ಗುಲ್‌ಮಾರ್ಗ್, ಉತ್ತರಾಖಂಡದ ಔಲಿಗಳಲ್ಲಿ ಈ ಆಟವನ್ನು ನೋಡಬಹುದು.

70 ಕಿಲೋಗ್ರಾಂ ತೂಕದವನು ಬರಿಯ ಬೂಟಿನಲ್ಲಿ ನಿಂತರೆ ಅವನ ಭಾರ ಸುಮಾರು 600 ಚದರ ಸೆಂಟಿಮೀಟರಿನ ಮೇಲೆ ಬೀಳುತ್ತದೆ. 170 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ಅಗಲದ ಎರಡು ಹಲಗೆಗಳ ಮೇಲೆ ನಿಂತರೆ ಅದು 2,720 ಚದರ ಸೆಂಟಿಮೀಟರಿಗೆ ಹರಡುತ್ತದೆ. ಒತ್ತಡ ನಾಲ್ಕೂವರೆ ಪಟ್ಟು ಇಳಿಯುತ್ತದೆ. ಅರಳೆಯಂಥ ಹೊಸ ಹಿಮಕ್ಕೆ ಅಗಲವಾದ ಹಲಗೆ ಒಳ್ಳೆಯದು. ಗಟ್ಟಿಯಾದ ಇಳಿಜಾರಿನಲ್ಲಿ ಅಂಚು ಕಚ್ಚಿ ತಿರುಗಬೇಕಾದರೆ ಕಿರಿದಾದುದು ಮೇಲು. ಆದ್ದರಿಂದ ಪಳಗಿದವರು ಎರಡು ಮೂರು ಜೊತೆಗಳನ್ನು ಇಟ್ಟುಕೊಳ್ಳುತ್ತಾರೆ. ಎಲ್ಲವನ್ನೂ ಒಂದೇ ಕಂಪನಿಯಿಂದ ಕೊಳ್ಳಬೇಕೇ ಎಂಬ ಚರ್ಚೆ ಅವರಲ್ಲಿಯೂ ಉಂಟು. ಹಲಗೆಯನ್ನು ಒಬ್ಬರಿಂದಲೂ ಬೂಟನ್ನು ಇನ್ನೊಬ್ಬರಿಂದಲೂ ಕೊಳ್ಳುವುದು ಅಲ್ಲಿ ವಾಡಿಕೆ. ಅದು ಸಾಧ್ಯವಾದದ್ದು ಬೂಟಿನ ಅಟ್ಟೆಯ ಆಕಾರಕ್ಕೆ ಅಂತರರಾಷ್ಟ್ರೀಯ ಮಾನವಿರುವುದರಿಂದ. ಇಳಿಜಾರಿನ ಬೂಟಿಗೆ ಐಎಸ್‌ಒ 5355, ಬೆಟ್ಟ ಹತ್ತುವ ಬೂಟಿಗೆ ಐಎಸ್‌ಒ 9523. ಎರಡು ಮಾನಗಳಿರುವುದರಿಂದ ಒಂದರ ಬೂಟು ಇನ್ನೊಂದರ ಹಿಡಿಕೆಯಲ್ಲಿ ಕೂತಂತೆ ತೋರಿದರೂ, ಬಿದ್ದಾಗ ಕಾಲನ್ನು ಬಿಡಬೇಕಾದ ಹೊತ್ತಿನಲ್ಲಿ ಬಿಡದೆ ಹೋಗಬಹುದು. ವಿಟ್‌ವರ್ತ್ ನಟ್ಟಿನ ಕಥೆಯೇ ಇಲ್ಲಿ ಕಾಲುಮೂಳೆಯ ಕಥೆಯಾಗುತ್ತದೆ.

ತೋಟದಲ್ಲಿಯೂ ಹಾಗೆಯೇ. ಕಡಿದಾದ ಇಳಿಜಾರಿಗೆ ಒಂದು ಬಗೆಯ ಸ್ಪ್ರಿಂಕ್ಲರು, ಸಮತಟ್ಟಿಗೆ ಇನ್ನೊಂದು ಎಂದು ಆರಿಸುವುದು ತಪ್ಪಲ್ಲ. ಪ್ರತಿ ತುಂಡು ನೆಲದೊಳಗೆ ಏಕರೂಪವಿದ್ದರೆ ಸಾಕು.

ಒಟ್ಟಿಗೆ ಕೆಡುವ ಅಪಾಯ

ಇನ್ನು ಉಳಿದದ್ದು ಸಂಭವನೀಯತೆಯ ಪ್ರಶ್ನೆ. ಆ ನಿರ್ಣಾಯಕ ವಾರದಲ್ಲಿ ಒಂದು ಪಂಪು ಕೆಡುವ ಸಂಭವ ಹತ್ತರಲ್ಲಿ ಒಂದು ಎಂದು ಊಹಿಸಿ. ಮೀಸಲಾಗಿ ಇನ್ನೊಂದಿದ್ದು, ಒಂದು ಕೆಡುವುದಕ್ಕೂ ಇನ್ನೊಂದು ಕೆಡುವುದಕ್ಕೂ ಸಂಬಂಧವಿಲ್ಲದಿದ್ದರೆ, ಎರಡೂ ಕೆಡುವ ಸಂಭವ ನೂರರಲ್ಲಿ ಒಂದು. ಆದರೆ ಎರಡಕ್ಕೂ ಒಂದೇ ಕಾರಣ ತಗುಲಬಹುದಾದರೆ ಈ ಗುಣಾಕಾರ ನಡೆಯುವುದಿಲ್ಲ. ಎರಡೂ ಒಂದೇ ಮಾದರಿಯವಾಗಿ, ಎರಡರ ಸೀಲೂ ಒಂದೇ ದುರ್ಬಲ ರಬ್ಬರಿನದಾದರೆ, ನೂರರಲ್ಲಿ ಒಂದೆಂದುಕೊಂಡದ್ದು ಹತ್ತರಲ್ಲಿ ಒಂದರ ಹತ್ತಿರಕ್ಕೇ ಬರುತ್ತದೆ. ಹಾಗೆಂದು ಬೇರೆ ಕಂಪನಿಯ ಎರಡು ವಿದ್ಯುತ್ ಪಂಪುಗಳನ್ನು ಕೊಂಡವನು ನಿಶ್ಚಿಂತನೆಂದೂ ಅಲ್ಲ. ಕರೆಂಟು ಹೋದೊಡನೆ ಎರಡೂ ನಿಲ್ಲುತ್ತವೆ. ಹೆಸರು ಎರಡಾದ ಮಾತ್ರಕ್ಕೆ ಕಾರಣ ಎರಡಾಗುವುದಿಲ್ಲ.

ಈ ಪಾಠವನ್ನು ಕಾಫಿ ಗಿಡವೇ ನಮಗೆ ಕಲಿಸಿದೆ. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಅಲ್ಲಿನ ಕಾಫಿಯನ್ನು ಕೆಲವೇ ದಶಕಗಳಲ್ಲಿ ಮುಗಿಸಿ, ದ್ವೀಪವನ್ನು ಚಹದ ನಾಡಾಗಿ ಮಾಡಿತು. ನಮ್ಮಲ್ಲಿಯೂ ಹಳೆಯ ತಳಿಗಳು ಸೋತವು. 1911ರ ವೇಳೆಗೆ ಕೆಂಟ್ ಎಂಬ ಬೆಳೆಗಾರರು ತಮ್ಮ ತೋಟದಲ್ಲಿ ಆರಿಸಿದ ತಳಿ ಕೆಲವು ಕಾಲ ತಡೆದು ನಿಂತಿತು. ಬಳಿಕ ತುಕ್ಕಿನ ಹೊಸ ಪ್ರಭೇದವೊಂದು ಅದನ್ನೂ ಹೊಕ್ಕಿತು. 1925ರಲ್ಲಿ ಮೈಸೂರು ಸಂಸ್ಥಾನದವರು ಬಾಳೆಹೊನ್ನೂರಿನಲ್ಲಿ ಆರಂಭಿಸಿದ ಪ್ರಯೋಗಶಾಲೆ 1940ರ ದಶಕದಲ್ಲಿ ಎಸ್. 795 ಎಂಬ ತಳಿಯನ್ನು ಕೊಟ್ಟಿತು. ಕಾವೇರಿ, ಸೆಲೆಕ್ಷನ್ 9, ಚಂದ್ರಗಿರಿ ಎಂಬುವು ಆಮೇಲೆ ಬಂದವು. ಈ ಕೊನೆಯ ಮೂರು ಹೆಸರುಗಳನ್ನು ಕಂಡು, ಮೂರನ್ನೂ ನೆಟ್ಟರೆ ಅಪಾಯ ಮೂರು ಪಾಲಾಯಿತೆಂದು ಯಾರಾದರೂ ತಿಳಿಯಬಹುದು. ಆದರೆ ಮೂರರ ರೋಗನಿರೋಧಕ ಗುಣವೂ ಮುಖ್ಯವಾಗಿ ಬಂದದ್ದು ಟಿಮೋರ್ ದ್ವೀಪದಲ್ಲಿ ಅರೇಬಿಕಾ ಮತ್ತು ರೊಬಸ್ಟಾಗಳು ತಾವಾಗಿ ಕೂಡಿ ಹುಟ್ಟಿದ ಒಂದೇ ಸಂಕರದಿಂದ. ಎಸ್. 795ರ ಮೂಲದಲ್ಲಿ ಲೈಬೀರಿಕಾ ಜಾತಿಯ ಅಂಶವಿದೆ. ತಳಿಗಳನ್ನು ಬೆರಸುವವನು ಚೀಲದ ಮೇಲಿನ ಹೆಸರನ್ನು ಎಣಿಸದೆ ವಂಶವನ್ನು ವಿಚಾರಿಸಬೇಕು.

ಕೊಳ್ಳುವ ಮುನ್ನ

ಇಷ್ಟನ್ನು ಒಟ್ಟುಗೂಡಿಸಿದರೆ ನಮ್ಮ ಪ್ರಶ್ನೆಗೆ ಉತ್ತರ ಸ್ಪಷ್ಟವಾಗುತ್ತದೆ. ಸಾರ್ವತ್ರಿಕ ಮಾನವಿರುವ ಬೇರಿಂಗು, ಬೆಲ್ಟು, ಬೋಲ್ಟು, ಪೈಪುಗಳನ್ನು ಯಾರಿಂದಲಾದರೂ ಕೊಳ್ಳಬಹುದು. ಮಾನ ಯಾವುದೆಂದು ಮಾತ್ರ ಕೇಳಬೇಕು. ಮಾನವಿಲ್ಲದ ಬ್ಯಾಟರಿ, ಕೊಕ್ಕೆಯ ಕಪ್ಲಿಂಗುಗಳಲ್ಲಿ ಒಂದೇ ಕಂಪನಿಯನ್ನು ಹಿಡಿಯಬೇಕು. ಒಂದೇ ಸಾಲಿನ ನಾಜಲುಗಳು ಒಂದೇ ಅಳತೆಯವಾಗಿರಬೇಕು. ದಿನನಿತ್ಯದ ದುರಸ್ತಿಗೆ ಒಂದೇ ಮಾದರಿಯ ಎರಡು ಪಂಪುಗಳಿರುವುದು ಅನುಕೂಲ. ಎರಡು ಬೇರೆ ಬೇರೆ ಭಾಗ ಕೆಟ್ಟಾಗ ಎರಡರಿಂದ ಒಂದನ್ನು ಕಟ್ಟಿಕೊಳ್ಳಬಹುದು. ಆದರೆ ಹೂಮಳೆಯ ವಾರಕ್ಕೆಂದು ಇಟ್ಟುಕೊಳ್ಳುವ ಮೀಸಲು ಪಂಪು, ಮುಖ್ಯ ಪಂಪನ್ನು ನಿಲ್ಲಿಸಬಹುದಾದ ಕಾರಣಕ್ಕೆ ತಾನು ನಿಲ್ಲದಂಥದಾಗಿರಬೇಕು. ವಿದ್ಯುತ್ತಿನ ಪಂಪಿಗೆ ಡೀಸೆಲಿನದು ನಿಜವಾದ ಮೀಸಲು.

ತೋಟದ ಮನೆಗಳಿಂದ ಬರುವ ವಿದ್ಯಾರ್ಥಿಗಳು ರಜೆಯಲ್ಲಿ ಎರಡು ಸಣ್ಣ ಪ್ರಯೋಗಗಳನ್ನು ಮಾಡಿ ನೋಡಬಹುದು. ಶೆಡ್ಡಿನಲ್ಲಿ ಬಿದ್ದಿರುವ ಬೋಲ್ಟುಗಳನ್ನು ತಂದು, ಅಡಿಕೋಲಿನ ಪಕ್ಕದಲ್ಲಿಟ್ಟು ಒಂದು ಅಂಗುಲಕ್ಕೆ ಎಷ್ಟು ಸುತ್ತುಗಳೆಂದು ಎಣಿಸಿ, ವಿಂಗಡಿಸಿಡಿ. ಸ್ಪ್ರಿಂಕ್ಲರ್ ನಡೆಯುವಾಗ ಗಿಡಗಳ ನಡುವೆ ನಾಲ್ಕೈದು ಕಡೆ ನೇರ ಗೋಡೆಯ ಒಂದೇ ಬಗೆಯ ಡಬ್ಬಿಗಳನ್ನಿಟ್ಟು, ನಿಂತ ನೀರಿನ ಆಳವನ್ನು ಅಳೆಯಿರಿ. ಒಂದರಲ್ಲಿ ಒಂದು ಅಂಗುಲ, ಇನ್ನೊಂದರಲ್ಲಿ ಅರ್ಧ ಅಂಗುಲ ಕಂಡರೆ, ಆ ಸಾಲಿನ ನಾಜಲುಗಳನ್ನು ಬಿಚ್ಚಿ ಅವುಗಳ ತೂತನ್ನು ಅಳೆಯುವ ಕಾಲ ಬಂದಿದೆಯೆಂದು ಮನೆಯ ಹಿರಿಯರಿಗೆ ತಿಳಿಸಿ. ಈ ಎರಡೂ ಕೆಲಸಗಳನ್ನು ಜನವರಿಯೊಳಗೆ ಮಾಡುವುದು ಒಳ್ಳೆಯದು. ಫೆಬ್ರವರಿಯಲ್ಲಿ ಮೊಗ್ಗು ಕಾಯುವುದಿಲ್ಲ.